ಗಲ್ಲ ಸ್ವಲ್ಪ ಕೆಳಗೆ

ಮೂವತ್ತೊಂದು ವರ್ಷದಿಂದ ಅವನು ದಿನಕ್ಕೆ ಮೂವತ್ತು ನಲವತ್ತು ಸಲ ಹೇಳುತ್ತ ಬಂದ ಮಾತು ಒಂದೇ. "ಗಲ್ಲ ಸ್ವಲ್ಪ ಕೆಳಗೆ." ಬೀದಿಯ ಮಕ್ಕಳು ಅದನ್ನೇ ಹಿಡಿದು ಅವನಿಗೆ ಗಲ್ಲದ ಮಾಮ ಎಂದು ಹೆಸರಿಟ್ಟರು. ಆ ಮಕ್ಕಳು ಬೆಳೆದು ತಮ್ಮ ಮಕ್ಕಳನ್ನು ಶಾಲೆಯ ಗುರುತಿನ ಚೀಟಿಯ ಫೋಟೋಗೆ ಕರೆತರುವ ಹೊತ್ತಿಗೆ, ಅವನ ನಿಜವಾದ ಹೆಸರು ಅಂಗಡಿಯ ಪರವಾನಗಿ ಪತ್ರದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಅದಕ್ಕೆ ಅವನೇನೂ ಬೇಸರ ಪಟ್ಟುಕೊಳ್ಳಲಿಲ್ಲ. ಕರೆದರೆ ತಿರುಗಿ ನೋಡುವಷ್ಟಿದ್ದರೆ ಹೆಸರಿನ ಕೆಲಸ ಮುಗಿಯಿತು ಎನ್ನುವ ಜಾತಿಯ ಮನುಷ್ಯ ಅವನು.

ಅವನ ಸ್ಟುಡಿಯೋ ಕನ್ನಡಕದ ಅಂಗಡಿಗೂ ಟೈರ್ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡ ಒಂದು ಕೋಣೆ. ಎಂಟಡಿ ಅಗಲ, ಹದಿನಾಲ್ಕಡಿ ಉದ್ದ. ಒಂದು ತುದಿಗೆ ಬಿಳಿ ಗೋಡೆ. ಇನ್ನೊಂದು ತುದಿಗೆ, ನೆಲಕ್ಕೆ ಬೋಲ್ಟು ಹಾಕಿ ನಿಲ್ಲಿಸಿದ ಕಂಬದ ಮೇಲೆ ಕ್ಯಾಮೆರಾ. ಗೋಡೆಯ ಹತ್ತಿರ ಕಬ್ಬಿಣದ ತಿರುಪಿನ ಸ್ಟೂಲು. ಬಲಕ್ಕೆ ತಿರುಗಿಸಿದರೆ ಇಳಿಯುತ್ತದೆ, ಎಡಕ್ಕೆ ತಿರುಗಿಸಿದರೆ ಏರುತ್ತದೆ. ಗೋಡೆಯ ಮೇಲೆ, ಕ್ಯಾಮೆರಾದ ಕಣ್ಣು ಎಷ್ಟು ಎತ್ತರದಲ್ಲಿದೆಯೋ ಸರಿಯಾಗಿ ಅಷ್ಟೇ ಎತ್ತರದಲ್ಲಿ, ಒಂದು ಪೆನ್ಸಿಲ್ ಗೆರೆ. ಕೂತವನ ಕಣ್ಣು ಆ ಗೆರೆಗೆ ಬಂದು ಕೂರಬೇಕು. ಕ್ಯಾಮೆರಾ ಕದಲುವುದಿಲ್ಲ, ಗೆರೆಯೂ ಕದಲುವುದಿಲ್ಲ, ಕದಲುವುದು ಸ್ಟೂಲು ಮಾತ್ರ. ಇಷ್ಟು ವರ್ಷದಲ್ಲಿ ತಾನು ತೆಗೆದ ಫೋಟೋಗಳಲ್ಲಿ ಕಚೇರಿಗಳಿಂದ ವಾಪಸು ಬಂದಿದ್ದು ಒಂಬತ್ತೇ ಒಂಬತ್ತು, ಅದರಲ್ಲೂ ಮೂರು ಸೀನಿದವರದ್ದು ಎಂದು ಅವನು ಯಾರಿಗೆ ಬೇಕಾದರೂ ಹೇಳುತ್ತಿದ್ದ. ಅವನ ಹೆಂಡತಿ ಮಾತ್ರ ಈ ಹೆಗ್ಗಳಿಕೆಗೆ ಸೊಪ್ಪು ಹಾಕುತ್ತಿರಲಿಲ್ಲ. "ಮದುವೆ ದಿನ ನನ್ನ ಗಲ್ಲಾನೇ ಹಿಡಿದು ಕೆಳಗೆ ಮಾಡಿದ ಮಹಾನುಭಾವರು ಇವರು" ಎಂದು ಬಂದವರೆದುರೇ ಮಾನ ಕಳೆಯುತ್ತಿದ್ದಳು.

ಹೊರಗಿನ ಫೋಟೋ ಅವನು ತೆಗೆದವನೇ ಅಲ್ಲ. ಮದುವೆ ಮುಂಜಿ ಅಂತ ಯಾರಾದರೂ ಕರೆದರೆ, ಅಷ್ಟು ಜನರ ಗಲ್ಲವನ್ನು ಒಂದೇ ಸಲ ಸರಿಮಾಡುವುದು ನನ್ನ ಕೈಲಾಗದು ಎಂದು ಕೈ ಮುಗಿಯುತ್ತಿದ್ದ. ಹಾಗಿದ್ದವನಿಗೆ ಐವತ್ತೆಂಟನೇ ವಯಸ್ಸಿನಲ್ಲಿ ಒಂದು ಇಡೀ ಊರಿನ, ಅಂದರೆ ಮೇಜಿನ ಮೇಲಿನ ಊರಿನ, ಫೋಟೋ ತೆಗೆಯುವ ಪ್ರಸಂಗ ಬಂತು. ಕರೆದವರು ಅಕ್ಕನ ಗಂಡ. ಇಲ್ಲ ಎನ್ನುವಂತಿರಲಿಲ್ಲ.

ಭಾವ ರೈಲ್ವೆಯಲ್ಲಿದ್ದವರು. ಒಂದು ಜಂಕ್ಷನ್ನಿನ ಸಿಗ್ನಲ್ ಕ್ಯಾಬಿನ್ನಿನಲ್ಲಿ, ಇಪ್ಪತ್ತೆರಡು ಮೆಟ್ಟಿಲು ಮೇಲೆ, ನಾಲ್ಕೂ ಕಡೆ ಗಾಜಿರುವ ಕೋಣೆಯಲ್ಲಿ ನಿಂತು ಹಳಿಗಳನ್ನು ಅತ್ತಿತ್ತ ತಿರುಗಿಸುವ ಸನ್ನೆಕೋಲು ಎಳೆಯುವುದು ಅವರ ಉದ್ಯೋಗ. ಅದೇ ಸ್ಟೇಷನ್ನಿನಲ್ಲಿ, ಹಳಿಯ ಈಚೆ ಬದಿ, ಟಿಕೆಟ್ ಕಿಟಕಿಯ ಹಿಂದೆ ಅಕ್ಕ ಕೂರುತ್ತಿದ್ದಳು. ಕ್ಯಾಬಿನ್ನಿಗೂ ಟಿಕೆಟ್ ಕೋಣೆಗೂ ಒಂದು ಒಳಗಿನ ಫೋನ್ ಇತ್ತು. ಯಾವ ಗಾಡಿ ಎಷ್ಟು ತಡ ಎಂದು ಕೇಳುತ್ತ ಹೇಳುತ್ತ ಮೂರು ವರ್ಷ ಕಳೆದ ಮೇಲೆ ಇಬ್ಬರಿಗೂ ಗಾಡಿಯ ವಿಷಯ ಬಿಟ್ಟು ಬೇರೆ ಮಾತೂ ಇದೆ ಎಂದು ಗೊತ್ತಾಯಿತು. ಅಲ್ಲಿಯವರೆಗೆ ಭಾವ ಕಂಡಿದ್ದು ಬೆಳಿಗ್ಗೆ ಕ್ಯಾಬಿನ್ನಿನ ಕೆಳಗೆ ಹಾದುಹೋಗುವ ಅಕ್ಕನ ಕೊಡೆಯ ನೆತ್ತಿಯನ್ನು. ಅಕ್ಕ ಕಂಡಿದ್ದು ಮೆಟ್ಟಿಲು ಹತ್ತಿ ಮಾಯವಾಗುವ ಭಾವನ ಬೂಟುಗಳನ್ನು. ಕೊಡೆ ನೋಡಿ, ಬೂಟು ನೋಡಿ ಮದುವೆಯಾದವರು ಎಂದು ಮನೆಯಲ್ಲಿ ಎಲ್ಲರೂ ನಗುತ್ತಿದ್ದರು.

ಈಗ ಆ ಕ್ಯಾಬಿನ್ ಇಲ್ಲ. ದೂರದ ಯಾವುದೋ ದೊಡ್ಡ ಊರಿನ ಒಂದು ಕೋಣೆಯಲ್ಲಿ ಯಾರೋ ಒತ್ತುವ ಗುಂಡಿಗೆ ಇಲ್ಲಿ ಹಳಿ ತಿರುಗುತ್ತದೆ. ಟಿಕೆಟ್ ಕಿಟಕಿಗೆ ಇಟ್ಟಿಗೆ ಕಟ್ಟಿದ್ದಾರೆ. ಭಾವ ನಿವೃತ್ತರಾದ ವರ್ಷವೇ ಮನೆಯ ಮಹಡಿಯ ಕೋಣೆಯಲ್ಲಿ ಆ ಸ್ಟೇಷನ್ನನ್ನು ಕಟ್ಟಲು ಕೂತರು. ಎಂಬತ್ತೇಳರಲ್ಲಿ ಒಂದು ಪಾಲಿನ ಅಳತೆ. ಎರಡು ಪ್ಲಾಟ್‌ಫಾರಂ, ನಾಲ್ಕು ಹಳಿ, ನೀರಿನ ಟ್ಯಾಂಕು, ಗೋದಾಮು, ಕ್ಯಾಬಿನ್ನು, ಓಡುವ ಎರಡು ರೈಲು. ಮೊಣಕಾಲಿಗಿಂತ ಒಂದು ಗೇಣು ಎತ್ತರದ ಮೇಜು, ಹೀಗಾಗಿ ಬಂದವರು ನಿಂತು ಬಗ್ಗಿ ನೋಡಬೇಕು. ನಾಲ್ಕು ವರ್ಷ ಹಿಡಿಯಿತು. ಎಲ್ಲ ಮುಗಿದ ಮೇಲೆ ಹಿಂದೆ ಬೋಳು ಗೋಡೆ ಕಂಡು ಇರಿಸುಮುರಿಸಾಗಿ, "ಹಿಂದುಗಡೆ ಬೆಟ್ಟ, ಆಕಾಶ ಏನಾದ್ರೂ ಬರೀತೀಯಾ?" ಎಂದು ಅಕ್ಕನನ್ನು ಕೇಳಿದರು.

ಅಕ್ಕ ಚಿತ್ರ ಕಲಿತವಳಲ್ಲ. ಆದರೆ ಕೈಗೆ ಸಿಕ್ಕಿದ ಕಾಗದದ ಅಂಚಿನಲ್ಲೆಲ್ಲ ಏನಾದರೂ ಬರೆಯುವ ಚಾಳಿ ಚಿಕ್ಕಂದಿನಿಂದ ಇತ್ತು, ಮತ್ತು ಕಂಡಿದ್ದನ್ನು ಬಿಟ್ಟು ಬೇರೆ ಬರೆಯುತ್ತಿರಲಿಲ್ಲ. ಒಂದು ಚಳಿಗಾಲವಿಡೀ ಕೂತು ಐದು ಪ್ಲೈವುಡ್ ಹಲಗೆಗಳ ಮೇಲೆ ಬಯಲು, ಅದರಾಚೆ ಬೆಟ್ಟದ ಸಾಲು, ಎಡಕ್ಕೆ ಕಾರ್ಖಾನೆಯ ಚಿಮಣಿ, ಮೇಲೆ ಬೂದು ನೀಲಿ ಆಕಾಶ ಬರೆದಳು. ಹಲಗೆ ಹಲಗೆಯ ಕೂಡುಗಳಿಗೆ ಮೇಣ ತುಂಬಿ ಉಜ್ಜಿ ಗೆರೆ ಕಾಣದಂತೆ ಮಾಡಿದಳು. ಕೊನೆಯ ದಿನ ಭಾವ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು ನೋಡಿ ಹೇಳಿದ್ದು ಇಷ್ಟೇ. "ಆಕಾಶ ಜಾಸ್ತಿ ಆಯ್ತು. ನೆಲ ಕಡಿಮೆ ಆಯ್ತು. ಬಯಲು ಅಷ್ಟು ಕೆಳಗೆ ಮುಗಿಯೋದಿಲ್ಲ."

"ನಂಗೆ ಕಂಡಿದ್ದು ಅಷ್ಟೇ" ಎಂದಳಂತೆ ಅಕ್ಕ. ಬ್ರಷ್ಷುಗಳನ್ನು ತೊಳೆದು ಬಿಸ್ಕತ್ತಿನ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಆಮೇಲೆ ಎಂಟು ವರ್ಷ ಆ ಕೋಣೆಗೆ ಕಾಲಿಡಲಿಲ್ಲ. ಬಟ್ಟೆ ಒಣಗಿಸಲು ಮಹಡಿಗೆ ಹೋಗುವಾಗ ಆ ಬಾಗಿಲ ಮುಂದೆಯೇ ಹಾಯಬೇಕು. ಆಗ ಕತ್ತನ್ನು ಈಚೆ ಗೋಡೆಗೆ ತಿರುಗಿಸಿಕೊಂಡು ಹೋಗುತ್ತಿದ್ದಳು. ಉಳಿದಂತೆ ಸಂಸಾರ ಚೆನ್ನಾಗಿಯೇ ನಡೆದಿತ್ತು. ಊಟ, ಔಷಧಿ, ಜಗಳ ಯಾವುದಕ್ಕೂ ಕೊರತೆ ಇರಲಿಲ್ಲ.

ಪುಟ್ಟ ರೈಲು ಕಟ್ಟುವ ದೊಡ್ಡವರದ್ದೇ ಒಂದು ಸಂಘವಿತ್ತು. ವರ್ಷಕ್ಕೊಂದು ಪುಸ್ತಕ ತರುತ್ತಿದ್ದರು. ಭಾವ ಎರಡು ವರ್ಷ ತಾವೇ ತೆಗೆದ ಫೋಟೋ ಕಳಿಸಿದ್ದರು; ಸಂಘದ ಕಾರ್ಯದರ್ಶಿ ಎರಡು ಸಲವೂ ಒಂದೇ ಸಾಲಿನ ಉತ್ತರ ಬರೆದಿದ್ದ. ಕೆಲಸ ಅಚ್ಚುಕಟ್ಟಾಗಿದೆ, ಆದರೆ ಮೇಜಿನ ಮೇಲಿಟ್ಟ ಆಟಿಕೆಯಂತೆ ಕಾಣುತ್ತದೆ. ಭಾವ ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ತೀರ್ಮಾನಕ್ಕೆ ಬಂದರು. ತಪ್ಪೆಲ್ಲ ಹಿಂದಿನ ಪರದೆಯದು. ಅಚ್ಚು ಹಾಕಿದ ದೊಡ್ಡ ಆಕಾಶದ ಹಾಳೆಯೊಂದನ್ನು ತರಿಸಿದರು. ಹಳೆಯ ಹಲಗೆ ಕೀಳಲು ಶನಿವಾರಕ್ಕೆ ಬಡಗಿಯನ್ನು ಗೊತ್ತುಮಾಡಿದರು. ಕಿತ್ತ ಮೇಲೆ ಹೊಸದರ ಮುಂದೆ ಫೋಟೋ ತೆಗೆಯಲು ಭಾವಮೈದುನನಿಗೆ ಹೇಳಿಕಳಿಸಿದರು. ಬುಧವಾರ ಬಂದು ಬೆಳಕು ಗಿಳಕು ನೋಡಿಕೊಂಡು ಹೋಗು ಎಂದರು.

ಗಲ್ಲದ ಮಾಮ ಬುಧವಾರ ಮಧ್ಯಾಹ್ನ ಹೋದಾಗ ಅಕ್ಕ ಅಡುಗೆಮನೆಯಲ್ಲಿ ಚಾಕುವಿನ ಹಿಡಿಗೆ ದಾರ ಸುತ್ತುತ್ತಿದ್ದಳು.

"ಕೀಳ್ತಾರಂತೆ?" ಎಂದ.

"ಕಿತ್ತು ಹಾಕ್ಲಿ. ನಂಗೇನು" ಎಂದಳು. ದಾರ ಸುತ್ತಿ ಗಂಟು ಹಾಕಿ, ಹಲ್ಲಿನಲ್ಲಿ ಕಡಿದಳು. "ಹಲಗೆ ಮಾತ್ರ ಮಳೆಗೆ ಹಾಕ್ಬೇಡಿ ಅನ್ನು. ಒಳ್ಳೆ ಪ್ಲೈವುಡ್ಡು."

ಅಕ್ಕನ ಸ್ವಭಾವ ಅವನಿಗೆ ಗೊತ್ತು. ನಂಗೇನು ಎಂದು ಅವಳು ಇಡೀ ಜನ್ಮದಲ್ಲಿ ಹೇಳಿದ್ದು ಮೂರೋ ನಾಲ್ಕೋ ಸಲ, ಮತ್ತು ಅಷ್ಟು ಸಲವೂ ಅವಳಿಗೆ ಅದೇ ಬೇಕಾಗಿತ್ತು. ಇಪ್ಪತ್ತು ವರ್ಷ ಟಿಕೆಟ್ಟು ಹರಿದು ಕೊಟ್ಟ ಕೈಯಿಂದ ಅವಳು ತನ್ನ ಖುಷಿಗೆ ಅಂತ ಮಾಡಿದ್ದು ಆ ಐದು ಹಲಗೆ ಒಂದೇ. ಆದರೆ ಅಕ್ಕ ಭಾವನ ನಡುವೆ ಬಾಯಿ ಹಾಕಲು ಅವನಿಗೆ ಧೈರ್ಯವಿರಲಿಲ್ಲ. ಮಹಡಿ ಹತ್ತಿದ.

ಕೋಣೆಯಲ್ಲಿ ಭಾವ ಆಗಲೇ ಕ್ಯಾಮೆರಾ ಎಲ್ಲಿ ನಿಲ್ಲಬೇಕೆಂದು ಸೀಮೆಸುಣ್ಣದ ಗುರುತು ಹಾಕಿಟ್ಟಿದ್ದರು. "ಹೊಸ ಹಾಳೆ ಹಾಕೋದ್ರೊಳಗೆ ಇದ್ರಲ್ಲೇ ಒಂದೆರಡು ತೆಗ್ದು ನೋಡು. ಇಲ್ಲಿಂದ ತೆಗಿ. ಇಲ್ಲಿಂದ ಇಡೀ ಯಾರ್ಡು ಕಾಣುತ್ತೆ."

ಕಾಣುತ್ತಿತ್ತು, ನಿಜ. ಮಾಮ ಎರವಲು ತಂದಿದ್ದ ಮೂರುಕಾಲಿನ ಸ್ಟ್ಯಾಂಡನ್ನು ಎದೆಯೆತ್ತರಕ್ಕೆ ನಿಲ್ಲಿಸಿ, ಕಂಬದಿಂದ ಬಿಚ್ಚಿ ತಂದ ಕ್ಯಾಮೆರಾವನ್ನು ಕೆಳಗೆ ಬಗ್ಗಿಸಿ ನೋಡಿದ. ಮೊದಲ ಪಟದಲ್ಲಿ ನೀರಿನ ಟ್ಯಾಂಕಿನ ನೆರಳು ಹೋಗಿ ಆಕಾಶದ ಮೇಲೆ ಬಿದ್ದಿತ್ತು. "ಭಾವ, ಆಕಾಶದ ಮೇಲೆ ನೆರಳು ಬೀಳೋ ಊರು ಭೂಮಿ ಮೇಲೆ ಎಲ್ಲೂ ಇಲ್ಲ" ಎಂದು ಹೇಳಿ, ಕಿಟಕಿಗೆ ಬಿಳಿ ಹಾಸಿಗೆ ಹೊದಿಕೆ ಕಟ್ಟಿಸಿ ಬೆಳಕನ್ನು ಮೆತ್ತಗೆ ಮಾಡಿದ. ನೆರಳು ಹೋಯಿತು. ಮೇಜಿನ ಅಂಚಿನ ಧೂಳು, ಒಂದು ಜೇಡರ ಬಲೆ, ಪ್ಲಾಟ್‌ಫಾರಂ ಮೇಲೆ ರಾಕ್ಷಸನಂತೆ ಬಿದ್ದಿದ್ದ ಒಂದು ತಲೆಗೂದಲು, ಎಲ್ಲವನ್ನೂ ಬ್ರಷ್ಷಿನಿಂದ ತೆಗೆದ. ಇನ್ನೂ ಹತ್ತು ಪಟ ತೆಗೆದ. ಹತ್ತರಲ್ಲೂ ಹಳಿಗಳು ಎತ್ತಲೋ ಹೋಗುತ್ತಿದ್ದವು, ಬೆಟ್ಟ ಎತ್ತಲೋ ನಿಂತಿತ್ತು. ಕಾರ್ಯದರ್ಶಿ ಹೇಳಿದ್ದು ಸುಳ್ಳಲ್ಲ. ಆಟಿಕೆ ಅಂದರೆ ಆಟಿಕೆಯೇ.

"ನೋಡ್ದಾ?" ಭಾವನ ಧ್ವನಿಯಲ್ಲಿ ಗೆದ್ದ ಖುಷಿ ಇತ್ತು. "ನಾನು ಅವತ್ತೇ ಹೇಳಿದ್ದೆ. ಆಕಾಶ ಜಾಸ್ತಿ, ನೆಲ ಕಡಿಮೆ. ನಾನು ಮೂವತ್ತು ವರ್ಷ ನೋಡಿದ ಬಯಲು ಕಣಯ್ಯ ಅದು. ನಂಗೆ ಗೊತ್ತಿಲ್ವಾ?"

ಮಾಮ ಸ್ಟ್ಯಾಂಡನ್ನು ಮಡಚಿದ. ಪಟಗಳು ಭಾವನ ಪರವಾಗಿಯೇ ಸಾಕ್ಷಿ ಹೇಳುತ್ತಿದ್ದವು. ಕೆಳಗಿಳಿದು ಬರುವಾಗ ಅಕ್ಕನ ಕಣ್ಣು ತಪ್ಪಿಸಿ ಚಪ್ಪಲಿ ಮೆಟ್ಟಿಕೊಂಡ.

ಮರುದಿನ ಸ್ಟುಡಿಯೋಕ್ಕೆ ಒಬ್ಬ ಬಸ್ ಚಾಲಕ ಬಂದ. ಲೈಸೆನ್ಸು ನವೀಕರಿಸಬೇಕಾಗಿತ್ತು. ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡೇ ಒಳಗೆ ಬಂದ, ಅಷ್ಟು ಎತ್ತರ. ಹಿಂದಿನ ಗಿರಾಕಿ ಗಿಡ್ಡ ಹೆಂಗಸು. ಸ್ಟೂಲು ಅವಳ ಎತ್ತರಕ್ಕೇ ನಿಂತಿತ್ತು. ಚಾಲಕ ಕೂತರೆ ಕಣ್ಣು ಗೆರೆಯಿಂದ ಒಂದು ಗೇಣು ಮೇಲೆ. ಮಾಮ ಯೋಚನೆಯಲ್ಲಿದ್ದವನು ನೋಡದೆ ಗುಂಡಿ ಒತ್ತಿಬಿಟ್ಟ. ಪರದೆಯ ಮೇಲೆ ಬಂದ ಮುಖವನ್ನು ಕಂಡು ಚಾಲಕನೇ ನಕ್ಕ.

"ಏನ್ ಸಾರ್, ನನ್ನ ಮುಖ ಇಷ್ಟು ಕೆಟ್ಟದಾಗಿದೆಯಾ?"

"ಮುಖ ಸರಿಯಾಗೇ ಇದೆ. ಸ್ಟೂಲು ತಪ್ಪು" ಎಂದ ಮಾಮ. ಸ್ಟೂಲನ್ನು ಬಲಕ್ಕೆ ತಿರುಗಿಸಲು ಬಗ್ಗಿದವನು ಅಲ್ಲೇ ನಿಂತುಬಿಟ್ಟ. ಗೋಡೆಯ ಗೆರೆ ನೋಡಿದ. ಅಲ್ಲಿಂದ ಕ್ಯಾಮೆರಾ ನೋಡಿದ. ಬಯಲು ಮುಗಿದು ಆಕಾಶ ಶುರುವಾಗುವ ಜಾಗ ಅಂದರೆ ಅದೂ ಒಂದು ಗೆರೆ. ಆ ಗೆರೆ ಯಾವಾಗಲೂ ನೋಡುವವನ ಕಣ್ಣಿನ ಎತ್ತರಕ್ಕೇ ಇರುತ್ತದೆ. ನಿಂತರೆ ಅದೂ ಏಳುತ್ತದೆ, ಕೂತರೆ ಅದೂ ಕೂರುತ್ತದೆ. ಅಕ್ಕ ಗೆರೆ ಎಳೆದಿದ್ದಾಳೆ. ಹಲಗೆಗೆ ಮೊಳೆ ಹೊಡೆದಾಗಿದೆ, ಗೆರೆ ಇನ್ನು ಕದಲುವುದಿಲ್ಲ. ಹಾಗಾದರೆ ಕದಲಬೇಕಾದ್ದು ಯಾವುದು? ಮೂವತ್ತೊಂದು ವರ್ಷ ದಿನಾ ಮಾಡಿದ ಕೆಲಸ ಮೇಜಿನ ಮುಂದೆ ನಿಂತ ಕೂಡಲೇ ಮರೆತುಹೋಯಿತಲ್ಲ ಎಂದು ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಚಾಲಕನ ಫೋಟೋ ಮುಗಿಸಿ, ಶಟರ್ ಎಳೆದು, ಸ್ಟೂಲನ್ನೇ ಹೆಗಲ ಮೇಲೆ ಹೊತ್ತುಕೊಂಡು ಹೊರಟ. ಕನ್ನಡಕದ ಅಂಗಡಿಯವನು ಅಂಗಡಿ ಖಾಲಿ ಮಾಡ್ತಿದೀರಾ ಎಂದು ಕೇಳಿದ. ಇಲ್ಲ, ಒಬ್ಬರನ್ನ ಕೂರಿಸ್ಬೇಕು ಎಂದ ಮಾಮ.

ಭಾವ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಮಾಮ ಸದ್ದು ಮಾಡದೆ ಮಹಡಿ ಹತ್ತಿ, ಮೇಜಿನ ಹಿಂದೆ ಕೈ ಚಾಚಿ ಅಳತೆ ಮಾಡಿದ. ಮೇಜಿನ ಮೇಲಿನ ನೆಲದಿಂದ ಅಕ್ಕನ ಗೆರೆಗೆ ಸರಿಯಾಗಿ ಎರಡು ಬೆರಳು. ಪ್ಲಾಟ್‌ಫಾರಂ ಮೇಲೆ ನಿಂತ ಪುಟ್ಟ ಮನುಷ್ಯನೊಬ್ಬನನ್ನು ಪಕ್ಕಕ್ಕೆ ಹಿಡಿದು ನೋಡಿದರೆ ಗೆರೆ ಅವನ ಎದೆಗೆ ಬರುತ್ತಿತ್ತು. ನಿಂತವನ ಎದೆ ಅಂದರೆ ಕೂತವರ ಕಣ್ಣು. ಕೆಳಗಿಳಿದು ಬಂದ.

"ಅಕ್ಕ, ಟಿಕೆಟ್ ಕಿಟಕಿಯಿಂದ ನಿಂಗೆ ಬಯಲು ಎಲ್ಲಿ ಮುಗಿದ ಹಾಗೆ ಕಾಣ್ತಿತ್ತು?"

"ಇದೇನು ಈಗ?"

"ಹೇಳೇ."

ಅಕ್ಕ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. ಕುರ್ಚಿ ಎಳೆದು ಕೂತು, ಎದುರಿಗೆ ಗಾಳಿಯಲ್ಲಿ ಒಂದು ಚೌಕ ಬರೆದಳು. "ಇದು ಕಿಟಕಿ ಅಂದ್ಕೋ. ಇಲ್ಲಿ ಕಂಬಿ. ಟಿಕೆಟ್ಟು ಕೊಡೋ ತೂತು ಇಲ್ಲಿ. ಅದ್ರ ಮೇಲಂಚಿಗೆ ಬಯಲು ಮುಗೀತಿತ್ತು. ಸಾಲು ಖಾಲಿ ಇದ್ದಾಗ ಅದೇ ನೋಡ್ತಾ ಕೂರ್ತಿದ್ದೆ." ತೋರಿಸಿದ ಕೈ ಸರಿಯಾಗಿ ಅವಳ ಕಣ್ಣಿನ ಮಟ್ಟಕ್ಕಿತ್ತು.

"ಭಾವಂಗೆ ಯಾಕೆ ಹೇಳ್ಲಿಲ್ಲ ಇದನ್ನ?"

"ಹೇಳಿದ್ನಲ್ಲ, ನಂಗೆ ಕಂಡಿದ್ದು ಅಷ್ಟೇ ಅಂತ. ಅದಕ್ಕಿಂತ ಇನ್ನೇನು ಹೇಳ್ಬೇಕಿತ್ತು?"

ಹಾಗಾದರೆ ಕ್ಯಾಮೆರಾದ ಕಣ್ಣು ಆ ಎರಡು ಬೆರಳಿನ ಗೆರೆಗೇ ಇಳಿಯಬೇಕು. ಆದರೆ ಅವನ ಕ್ಯಾಮೆರಾದ ಕಣ್ಣು ಎಷ್ಟು ಕೆಳಗಿಟ್ಟರೂ ಐದು ಬೆರಳಿಗಿಂತ ಕೆಳಗೆ ಬಾರದು. ಅವನ ಸ್ವಂತ ಫೋನು ಗುಂಡಿಗಳಿದ್ದ ಹಳೆಯ ಡಬ್ಬಿ. "ನಿನ್ನ ಫೋನ್ ಕೊಡು" ಎಂದ. ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಟ್ಟಳು.

ಮೇಲೆ ಬರುವಷ್ಟರಲ್ಲಿ ಭಾವ ಎದ್ದು ಕೋಣೆಗೆ ಬಂದಿದ್ದರು. ಸ್ಟೂಲು ನೋಡಿ ಹುಬ್ಬು ಗಂಟಿಕ್ಕಿದರು. ಮಾಮ ಮೇಜಿನ ಮುಂದಿನ ಅಂಚಿನಲ್ಲಿದ್ದ ಟಿಕೆಟ್ ಮನೆಗೆ ಕೈ ಹಾಕಿದ. ಭಾವ ಕಟ್ಟಿದ ಮನೆಗಳೆಲ್ಲ ಒಂದೊಂದು ಮೊಳೆಯ ಮೇಲೆ ಕೂತಿದ್ದವು, ಎತ್ತಿದರೆ ಬರುತ್ತಿದ್ದವು.

"ಅದೇ ಸ್ಟೇಷನ್ನು ಕಣಯ್ಯ. ಅದನ್ನೇ ತೆಗೆದ್ರೆ ಇನ್ನೇನು ಉಳೀತು?"

"ತೆಗೀತಿಲ್ಲ ಭಾವ. ಅದರೊಳಗೆ ಕೂರ್ತಿದೀನಿ."

ಮನೆಯನ್ನು ಎತ್ತಿ ಪಕ್ಕಕ್ಕಿಟ್ಟ. ಅದು ನಿಂತಿದ್ದ ಜಾಗದಲ್ಲಿ ಅಕ್ಕನ ಫೋನನ್ನು ತಲೆಕೆಳಗಾಗಿ ನಿಲ್ಲಿಸಿ, ಬೀಳದಂತೆ ಹಿಂದೆ ಒಂದು ಡಬ್ಬಿ ಒತ್ತುಕೊಟ್ಟ. ನೆಟ್ಟಗಿಟ್ಟರೆ ಒಂದು ಗೇಣು ಮೇಲಿರುವ ಫೋನಿನ ಕಣ್ಣು ತಲೆಕೆಳಗಾದಾಗ ಎರಡು ಬೆರಳಿಗೆ ಇಳಿಯಿತು. ಒತ್ತುವಾಗ ಕದಲದಿರಲೆಂದು ಹತ್ತು ಎಣಿಸಿ ತೆಗೆಯುವಂತೆ ಫೋನಿಗೇ ಹೇಳಿಟ್ಟು ಹಿಂದೆ ಸರಿದ. ಫೋನು ಸಣ್ಣಗೆ ಕ್ಲಿಕ್ ಎಂದಿತು.

ಭಾವನಿಗೆ ಪಟವನ್ನು ತೋರಿಸಬಹುದಿತ್ತು. ಮಾಮ ತೋರಿಸಲಿಲ್ಲ. ಸ್ಟೂಲನ್ನು ಮೇಜಿನ ಅಂಚಿಗೆ ಎಳೆದು, ಬಲಕ್ಕೆ ತಿರುಗಿಸಿ ತಿರುಗಿಸಿ ಪೂರ್ತಿ ಇಳಿಸಿ, "ಕೂತ್ಕೊಳ್ಳಿ" ಎಂದ.

"ನಾನ್ಯಾಕೆ?"

"ಕೂತ್ಕೊಳ್ಳಿ ಭಾವ."

ಭಾವ ಕೂತರು. ಎಪ್ಪತ್ತು ವರ್ಷದ ಮಂಡಿ ಕಟಕಟ ಎಂದಿತು. ನೆಟ್ಟಗೆ ಕೂತೇ ಅಭ್ಯಾಸ, ಕತ್ತು ಇಳಿಯಲೊಲ್ಲದು. ಮಾಮ ಮೂವತ್ತೊಂದು ವರ್ಷದ ಅಭ್ಯಾಸಬಲದಿಂದ ಕೈ ಚಾಚಿದ, ಹಿಡಿಯಲು ಹೋಗಿ ಹಿರಿಯರು ಎಂದು ನೆನಪಾಗಿ ಹಿಂತೆಗೆದ.

"ಗಲ್ಲ ಸ್ವಲ್ಪ ಕೆಳಗೆ."

ಭಾವ ಇಳಿಸಿದರು.

"ಇನ್ನೂ ಸ್ವಲ್ಪ. ಮೂಗು ಮೇಜಿಗೆ ತಾಗ್ಲಿ. ಹಾಂ."

ಗಲ್ಲ ಮೇಜಿನ ಅಂಚಿಗಿಂತ ಕೆಳಗಿಳಿದು ಮೂಗು ಅಂಚಿಗೆ ತಾಗಿತು. ಒಂದು ಕಣ್ಣು ಮುಚ್ಚಿ ಎಂದು ಹೇಳುವ ಮುಂಚೆ ಭಾವನೇ ಮುಚ್ಚಿದ್ದರು. ಹಳಿಗಳು ಉದ್ದಕ್ಕೆ ಹೋಗಿ ಬಯಲಿಗೆ ಸೇರಿಕೊಂಡಿದ್ದವು. ಬಯಲು ಎಲ್ಲಿ ಮುಗಿಯಬೇಕೋ ಅಲ್ಲೇ ಮುಗಿದಿತ್ತು. ಅದರ ಮೇಲೆ ಬೆಟ್ಟ ಎದ್ದು ನಿಂತಿತ್ತು, ಮೇಜು ಎಲ್ಲಿ ಮುಗಿದು ಹಲಗೆ ಎಲ್ಲಿ ಶುರುವಾಗುತ್ತದೆ ಎಂಬುದು ಕಟ್ಟಿದವರಿಗೇ ತಿಳಿಯುತ್ತಿರಲಿಲ್ಲ. ಕೆಳಗೆ ಅಡುಗೆಮನೆಯಲ್ಲಿ ನಲ್ಲಿ ತೆರೆದು ಮುಚ್ಚಿದ ಸದ್ದಾಯಿತು.

"ಇಷ್ಟೇ ಕಾಣ್ತಿತ್ತಾ ಅವಳಿಗೆ?" ಎಂದರು ಕೊನೆಗೆ, ಗಲ್ಲ ಎತ್ತದೆ.

"ಇಷ್ಟೇ."

"ಕ್ಯಾಬಿನ್ ಕಾಣೋದೇ ಇಲ್ವಲ್ಲಯ್ಯ ಇಲ್ಲಿಂದ. ಪ್ಲಾಟ್‌ಫಾರಂ ಚಾವಣಿ ಅಡ್ಡ ಬರುತ್ತೆ. ಕೆಳಗಿನ ಐದಾರು ಮೆಟ್ಟಿಲು ಅಷ್ಟೆ."

"ಅದಕ್ಕೇ ಬೂಟು."

ಭಾವ ಎದ್ದು, ಪಕ್ಕಕ್ಕಿಟ್ಟಿದ್ದ ಟಿಕೆಟ್ ಮನೆಯನ್ನು ಕೈಗೆತ್ತಿಕೊಂಡರು. ಅದರ ಚಾವಣಿಗೆ ಆರುನೂರ ಹನ್ನೆರಡು ಹೆಂಚು, ಒಂದೊಂದನ್ನೂ ಬೇರೆ ಬೇರೆ ಕತ್ತರಿಸಿ ಅಂಟಿಸಿದ್ದರು. ಒಡೆದು ಹೋಗಿದ್ದ ಮೂರು ಹೆಂಚನ್ನೂ ಮರೆತಿರಲಿಲ್ಲ. ಅವರು ಮೇಲಿನಿಂದ ಮೂವತ್ತು ವರ್ಷ ನೋಡಿದ್ದು ಆ ಚಾವಣಿಯನ್ನೇ. ಮನೆಯನ್ನು ತಲೆಕೆಳಗು ಮಾಡಿ ಒಳಗೆ ನೋಡಿದರು. ಒಳಗೆ ಏನೂ ಇರಲಿಲ್ಲ. ಕಿಟಕಿಯ ಹಿಂದೆ ಒಂದು ತುಂಡು ಕಪ್ಪು ಕಾಗದ ಅಂಟಿಸಿತ್ತು. ಇಡೀ ಸ್ಟೇಷನ್ನಿನಲ್ಲಿ ನಲವತ್ತೊಂದು ಜನರಿದ್ದರು. ಮೂಟೆ ಹೊರುವವರು, ಮಗು ಎತ್ತಿಕೊಂಡವರು, ಬೆಂಚಿನ ಮೇಲೆ ನಿದ್ದೆ ಹೋದವನು, ಕ್ಯಾಬಿನ್ನಿನ ಗಾಜಿನೊಳಗೆ ಸನ್ನೆಕೋಲು ಹಿಡಿದು ನಿಂತ ಸ್ವತಃ ಭಾವ. ಟಿಕೆಟ್ಟು ಕೊಡುವವರು ಮಾತ್ರ ಯಾರೂ ಇರಲಿಲ್ಲ. ಬೇಕೆಂದು ಬಿಟ್ಟಿದ್ದಲ್ಲ. ಹನ್ನೆರಡು ವರ್ಷದಲ್ಲಿ ಅದು ಅವರ ತಲೆಗೇ ಹೊಳೆದಿರಲಿಲ್ಲ.

"ಅವಳನ್ನ ಕರಿ" ಎಂದರು.

"ನಾನ್ಯಾಕೆ ಕರೀಲಿ? ಹೆಂಡ್ತಿ ನಿಮ್ಮವಳು. ಪಟ ಇರೋದೂ ಅವಳ ಫೋನಲ್ಲಿ. ನೀವೇ ತಗೊಂಡ್ಹೋಗಿ ಕೊಡಿ."

ಭಾವ ಫೋನು ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿದರು. ಮಾಮ ಮೇಲೆಯೇ ಉಳಿದ. ಕದ್ದು ಕೇಳುವುದು ತಪ್ಪು ಎಂದು ಅವನಿಗೆ ಗೊತ್ತಿತ್ತು. ಆದರೆ ಕಿವಿಗೆ ಬಿದ್ದದ್ದನ್ನು ಏನು ಮಾಡುವುದು.

ಮೊದಲು ಬಂದಿದ್ದು ಅಕ್ಕನ ಧ್ವನಿ: "ಚಿಮಣಿಗೆ ಹೊಗೆ ಬಾಕಿ ಇದೆ. ಅವತ್ತು ಬರೆಯೋಳಿದ್ದೆ."

"ಶನಿವಾರ ಬಡಗಿ ಬರ್ತಾನೆ."

"ಗೊತ್ತು."

"ಹಲಗೆ ಕೀಳೋಕಲ್ಲ." ಭಾವ ಕೆಮ್ಮಿದರು. "ಮೇಜಿನ ಕಾಲು ಎತ್ತರ ಮಾಡಿಸ್ತೀನಿ. ಎರಡೂವರೆ ಅಡಿ ಎತ್ತರಿಸಿದ್ರೆ ಬಂದೋರು ನಿಂತಲ್ಲೇ ಸರಿಯಾಗಿ ನೋಡ್ಬಹುದು."

"ನಿಮ್ಮ ಯಾರ್ಡು ಕಾಣಲ್ಲ ಆಗ."

"ಕಾಣದಿದ್ರೆ ಬೇಡ. ನಾನು ಬೇಕಾದಷ್ಟು ನೋಡಿದೀನಿ."

ತಪ್ಪಾಯಿತು ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಬಂದ ದಾಖಲೆಯಿಲ್ಲ, ಆ ದಿನವೂ ಬರಲಿಲ್ಲ. ಮಾಮ ತಾನೇ ಕೆಳಗೆ ಬಂದಾಗ ಇಬ್ಬರೂ ಅವನು ಊಟಕ್ಕೆ ನಿಲ್ಲಬೇಕೇ ಬೇಡವೇ ಎಂಬುದರ ಮೇಲೆ ವಾದ ಮಾಡುತ್ತಿದ್ದರು.

ಪಟವನ್ನು ಸಂಘಕ್ಕೆ ಕಳಿಸಿದರು. ಕಾರ್ಯದರ್ಶಿಯ ಉತ್ತರ ಈ ಸಲವೂ ಒಂದೇ ಸಾಲು: ಕೇಳಿದ್ದು ಮಾದರಿಯ ಫೋಟೋ, ದಯವಿಟ್ಟು ಹಳೆಯ ಸ್ಟೇಷನ್ನಿನ ಫೋಟೋ ಕಳಿಸಬೇಡಿ. ಭಾವ ಅದನ್ನು ಬಂದವರಿಗೆಲ್ಲ ಓದಿ ತೋರಿಸಿದರು. ವಿಷಯ ಬಿಡಿಸಿ ಬರೆದ ಮೇಲೆ ಇಡೀ ಪುಟದಲ್ಲಿ ಅಚ್ಚಾಯಿತು. ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ಹೆಸರು. ರೈಲು ಇವರದು, ಪರದೆ ಇವರದು, ಫೋಟೋ ಇವರದು ಅಂತ. ಫೋಟೋದವನ ಹೆಸರು ಓದಿದ ಬೀದಿಯವರು, ಇವರ್ಯಾರು ಹೊಸಬರು, ಗಲ್ಲದ ಮಾಮನೇ ತೆಗೀಬಹುದಿತ್ತಲ್ಲ ಎಂದರು. ಅವನು ತಿದ್ದಲು ಹೋಗಲಿಲ್ಲ.

ಪುಸ್ತಕ ಬಂದಿದ್ದು ತಿಂಗಳುಗಳಾದ ಮೇಲೆ. ಅದಕ್ಕೂ ಮುಂಚೆ, ಆ ಶನಿವಾರ, ಬಡಗಿ ಬಂದು ಮೇಜನ್ನು, ಅದರ ಹಿಂದೆಯೇ ಹಲಗೆಗಳನ್ನು, ಸಮನಾಗಿ ಎತ್ತರಿಸಿ ಹೋದ. ಸಂಜೆ ನಾಲ್ಕರ ಹೊತ್ತಿಗೆ ಮಾಮ ತನ್ನ ಸ್ಟೂಲು ವಾಪಸು ತರಲು ಹೋದರೆ ಸ್ಟೂಲು ಖಾಲಿ ಇರಲಿಲ್ಲ. ಅಕ್ಕ ಅದನ್ನು ಎಡಕ್ಕೆ ತಿರುಗಿಸಿ ಪೂರ್ತಿ ಏರಿಸಿ, ಬಿಸ್ಕತ್ತಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತು, ಚಿಮಣಿಯ ಬಾಯಿಗೆ ತೆಳ್ಳಗೆ ಹೊಗೆ ಬರೆಯುತ್ತಿದ್ದಳು. ಎಂಟು ವರ್ಷ ಒಣಗಿದ್ದ ಬ್ರಷ್ಷಿನ ಕೂದಲು ಉದುರುತ್ತಿದೆ ಎಂದು ಗೊಣಗುತ್ತಿದ್ದಳು. ಭಾವ ಕಿಟಕಿಯ ಹತ್ತಿರ ಭೂತಗನ್ನಡಿ ಹಿಡಿದು ಕಡಲೆಕಾಳಿನಷ್ಟು ದೊಡ್ಡದೇನನ್ನೋ ಬಣ್ಣ ಮಾಡುತ್ತಿದ್ದರು. ಟಿಕೆಟ್ ಮನೆಯ ಚಾವಣಿ ಬೇರೆಯಾಗಿ ಪಕ್ಕದಲ್ಲಿತ್ತು. ಒಳ ಗೋಡೆಗೆ ಸುಣ್ಣ ಬಂದಿತ್ತು, ಬೆಂಕಿಕಡ್ಡಿಯ ಮೇಜು ಬಂದಿತ್ತು, ಗೋಡೆಗೆ ಫೋನು ಬಂದಿತ್ತು.

ಭಾವ ಆ ಪುಟ್ಟ ಗೊಂಬೆಯನ್ನು ಚಿಮುಟದಲ್ಲಿ ಹಿಡಿದು ಕುರ್ಚಿಯ ಮೇಲೆ ಕೂರಿಸಿ, ಮನೆಯನ್ನು ಅಕ್ಕನ ಮುಂದೆ ತಂದು ಹಿಡಿದರು. ನಲವತ್ತೆರಡನೆಯವಳು. ನೀಲಿ ಬಟ್ಟೆ, ಕಪ್ಪು ಜಡೆ, ಕಿಟಕಿಯ ಕಂಬಿಗೆ ನೇರ ಮುಖ.

"ಹಿಂಗೇನಾ?" ಎಂದು ಕೇಳಿದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ಮಾಮ ಕೇಳಿರಲಿಲ್ಲ.

ಅಕ್ಕ ಕನ್ನಡಕ ಮೇಲೇರಿಸಿ ನೋಡಿದಳು.

"ನಾನೇನು ಇಷ್ಟು ದಪ್ಪ ಇದ್ನಾ?"

"ಎಂಬತ್ತೇಳರಲ್ಲಿ ಒಂದು ಪಾಲು."

"ಮತ್ತೆ ಮುಖ ಯಾಕೆ ಹಿಂಗೆ ನೆಟ್ಟಗೆ ಇಟ್ಟಿದೀರಿ? ನಾನು ಮೆಟ್ಟಿಲ ಕಡೆ ನೋಡ್ತಿದ್ದೆ."

ಹಾಗೆಂದು ಬ್ರಷ್ಷನ್ನು ಬಾಯಲ್ಲಿ ಕಚ್ಚಿಕೊಂಡು, ಕಿರುಬೆರಳಿನ ಉಗುರಿನಿಂದ ಆ ಪುಟ್ಟ ಹೆಂಗಸನ್ನು ಕ್ಯಾಬಿನ್ನಿನ ಕಡೆಗೆ ತಿರುಗಿಸಿದಳು. ಅಂಟು ಇನ್ನೂ ಆರಿರಲಿಲ್ಲ, ಸಲೀಸಾಗಿ ತಿರುಗಿತು.